ವಾಹನದೊಳಗೆ ಮಳೆನೀರು: ಪತ್ತೆ, ದುರಸ್ತಿ ಮತ್ತು ಲೆಕ್ಕಾಚಾರ

ಕೊಡಗಿನ ಮುಂಗಾರಿನ ಬಗ್ಗೆ ಇಲ್ಲಿನ ವರ್ತಕರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಕಕ್ಕಡ ಮಾಸದಲ್ಲಿ ದಿನಗಟ್ಟಲೆ ಬಿಸಿಲು ಕಾಣದು. ಇಂತಹ ಪ್ರದೇಶದಲ್ಲಿ ಕಾರು, ಜೀಪು, ಪಿಕಪ್‌ಗಳ ಒಳಗೆ ನೀರು ಸೇರುವುದು ಸಾಮಾನ್ಯ ಸಂಗತಿ. ಆದರೆ ವಾಹನ ದುರಸ್ತಿಯ ಖಾತೆಯನ್ನು ಪರಿಶೀಲಿಸುವಾಗ ಒಂದು ಕ್ರಮ ಮತ್ತೆ ಮತ್ತೆ ಕಂಡುಬರುತ್ತದೆ: ಜೂನ್‌ನಲ್ಲಿ ಸೀಲಂಟ್, ಜುಲೈನಲ್ಲಿ ಹೊಸ ಮ್ಯಾಟ್, ಆಗಸ್ಟ್‌ನಲ್ಲಿ ವೈರಿಂಗ್, ಮರುವರ್ಷ ಟಿಂಕರಿಂಗ್. ನಾಲ್ಕು ಬಿಲ್ಲುಗಳಿಗೂ ಕಾರಣ ಒಂದೇ. ಆ ಕಾರಣವನ್ನು ಹುಡುಕಿದ ಬಿಲ್ಲು ಮಾತ್ರ ಇರುವುದಿಲ್ಲ.

ನಷ್ಟದ ಸ್ವರೂಪ

ಕಾರಿನ ನೆಲಹಾಸಿನ ಅಡಿಯಲ್ಲಿ ದಪ್ಪನೆಯ ಫೆಲ್ಟ್ ಇರುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಈ ಫೆಲ್ಟ್ ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ದುರ್ವಾಸನೆ ಮತ್ತು ಬೂಷ್ಟು, ಅನಂತರ ನೆಲದ ತಗಡಿಗೆ ತುಕ್ಕು. ಇಂದಿನ ಅನೇಕ ವಾಹನಗಳಲ್ಲಿ ವೈರಿಂಗ್ ಜೋಡಣೆಗಳು ಹಾಗೂ ಎಲೆಕ್ಟ್ರಾನಿಕ್ ಘಟಕಗಳು ಸೀಟಿನ ಅಡಿಯಲ್ಲಿಯೋ ನೆಲಹಾಸಿನ ಕೆಳಗೋ ಇರುವುದರಿಂದ ಹಾನಿಯ ಮೊತ್ತ ಬಲುಬೇಗ ಏರುತ್ತದೆ. ಸರಕಿನ ನಷ್ಟವೂ ಉಂಟು. ಪಾರ್ಚ್‌ಮೆಂಟ್ ಕಾಫಿಯನ್ನು ಸುಮಾರು ಶೇಕಡ 10ರ ತೇವಾಂಶಕ್ಕೆ ಒಣಗಿಸಿ ಚೀಲ ಕಟ್ಟುವ ವ್ಯಾಪಾರಿ, ಅದರ ಮಾದರಿಯನ್ನು ತೇವಗೊಂಡ ಡಿಕ್ಕಿಯಲ್ಲಿಟ್ಟು ಕೊಂಡೊಯ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ನೀರು ಬರುವ ದಾರಿಗಳು

ವಾಹನವನ್ನು ಒಂದು ಹನಿಯೂ ನುಸುಳದ ಡಬ್ಬಿಯಂತೆ ತಯಾರಿಸಿರುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಬಾಗಿಲ ಗಾಜು ಮತ್ತು ಬೀಡಿಂಗ್ ನಡುವೆ ಸ್ವಲ್ಪ ನೀರು ಬಾಗಿಲಿನೊಳಕ್ಕೆ ಇಳಿದೇ ಇಳಿಯುತ್ತದೆ; ಅದು ಕೆಳಗಿನ ರಂಧ್ರಗಳಿಂದ ಹೊರಹೋಗುವಂತೆ ವ್ಯವಸ್ಥೆ ಇರುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ನೀರು ಹೊರಹೋಗುವ ದಾರಿ ಮುಚ್ಚಿದೆಯೆ? ನೀರನ್ನು ತಡೆಯುವ ಭಾಗ ಕೆಟ್ಟಿದೆಯೆ?

ಮುಚ್ಚಿಹೋಗುವ ದಾರಿಗಳಲ್ಲಿ ಮೊದಲನೆಯದು ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗಿರುವ ತೊಟ್ಟಿಯಂತಹ ಭಾಗ. ತೋಟದ ಮರಗಳ ಕೆಳಗೆ ವಾಹನ ನಿಲ್ಲಿಸುವ ನಮ್ಮಲ್ಲಿ ಸಿಲ್ವರ್ ಓಕ್ ಮೊದಲಾದ ಮರಗಳ ಎಲೆ ಇಲ್ಲಿ ಕೊಳೆತು ಕೂರುತ್ತದೆ. ನೀರು ತುಂಬಿ ಗಾಳಿ ಒಳಬರುವ ದಾರಿಯಿಂದ ಕಾಲಿನ ಬಳಿಗೆ ಇಳಿಯುತ್ತದೆ. ಬಾಗಿಲಿನ ತಳದ ರಂಧ್ರಗಳು ಮತ್ತು ಸನ್‌ರೂಫ್ ಇದ್ದರೆ ಅದರ ಮೂಲೆಗಳಿಂದ ಇಳಿಯುವ ಕೊಳವೆಗಳು ಅನಂತರದವು.

ಕೆಡುವ ಭಾಗಗಳೆಂದರೆ ಬಾಗಿಲ ರಬ್ಬರ್, ಗಾಜನ್ನು ಹಿಡಿದಿರುವ ಅಂಟು, ಹಿಂದಿನ ದೀಪಗಳ ಗ್ಯಾಸ್ಕೆಟ್, ಮಾಡಿನ ಕ್ಯಾರಿಯರ್ ಮತ್ತು ಆಂಟೆನಾ ಕೂರಿಸಿದ ಜಾಗ. ಬಾಗಿಲಿನ ಒಳ ಹೊದಿಕೆಯ ಹಿಂದೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಯೂ ಮುಖ್ಯ. ಸ್ಪೀಕರ್ ಕೂರಿಸುವಾಗ ಇದನ್ನು ಹರಿದು ಹಾಗೆಯೇ ಬಿಡುವುದುಂಟು. ಹೆಚ್ಚುವರಿ ದೀಪ ಅಥವಾ ಹಾರ್ನ್‌ಗಾಗಿ ಎಂಜಿನ್ ಭಾಗದಿಂದ ಒಳಕ್ಕೆ ರಂಧ್ರ ಕೊರೆದು ವೈರ್ ಎಳೆದಿದ್ದರೆ ಅದೂ ನೀರಿನ ದಾರಿಯೇ.

ಒಳಗಿನ ನೀರೆಲ್ಲವೂ ಮಳೆಯದ್ದಲ್ಲ. ಮಳೆಯಿಲ್ಲದ ದಿನ ಏಸಿ ಹಾಕಿದಾಗ ಮಾತ್ರ ಮುಂದಿನ ಸೀಟಿನ ಕಾಲಿನ ಬಳಿ ಒದ್ದೆಯಾದರೆ ಏಸಿಯ ನೀರು ಹೋಗುವ ಕೊಳವೆ ಕಟ್ಟಿದೆಯೆಂದು ತಿಳಿಯಬೇಕು. ನೀರು ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರುವ ಕೂಲೆಂಟ್.

ಪತ್ತೆ ಹಚ್ಚುವ ಕ್ರಮ

ಖಾತೆ ತಾಳೆಯಾಗದಿದ್ದಾಗ ವ್ಯತ್ಯಾಸ ಕಂಡ ಪುಟದಲ್ಲಿಯೇ ತಪ್ಪು ಇರಬೇಕೆಂದಿಲ್ಲ. ಮೂಲ ವೋಚರಿನವರೆಗೆ ಹಿಂದಕ್ಕೆ ಹೋಗಬೇಕು. ಇಲ್ಲಿಯೂ ಹಾಗೆಯೇ. ಮಾಡಿನಲ್ಲಿ ನುಸುಳಿದ ನೀರು ಕಂಬದೊಳಗೆ ಹರಿದು ಹಿಂದಿನ ಸೀಟಿನ ಅಡಿಯಲ್ಲಿ ಕಾಣಿಸಿಕೊಳ್ಳಬಹುದು. ಇಳಿಜಾರಿನಲ್ಲಿ ನಿಲ್ಲಿಸಿದ ವಾಹನದಲ್ಲಿ ನೀರು ತಗ್ಗಿನ ಕಡೆಗೆ ಹರಿಯುತ್ತದೆ. ಆದುದರಿಂದ ದಿನವೂ ನಿಲ್ಲಿಸುವ ರೀತಿಯಲ್ಲಿಯೇ, ಅದೇ ದಿಕ್ಕಿಗೆ ನಿಲ್ಲಿಸಿ ಪರೀಕ್ಷಿಸಬೇಕು.

ಮೊದಲು ಒಳಭಾಗವನ್ನು ಪೂರ್ಣವಾಗಿ ಒಣಗಿಸಿ, ನೆಲಹಾಸನ್ನು ಎತ್ತಿ, ತಗಡಿನ ಮೇಲೆ ಹಳೆಯ ದಿನಪತ್ರಿಕೆ ಹರಡಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಸಾಧಾರಣ ಪೈಪಿನಲ್ಲಿ ನೀರು ಬಿಡಬೇಕು. ನೀರನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಸುಮಾರು 5 ನಿಮಿಷದಂತೆ ಹಾಯಿಸಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಇಳಿದು ಯಾವ ಜಾಗ ಸೋರುತ್ತಿದೆಯೆಂಬುದು ತಿಳಿಯದು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬೇಡ; ಅದು ಸರಿಯಾಗಿರುವ ರಬ್ಬರನ್ನೂ ದಾಟಬಲ್ಲದು.

ಬಾಗಿಲ ರಬ್ಬರಿಗೆ ಸುಲಭ ಪರೀಕ್ಷೆಯಿದೆ. ಕಾಗದದ ಪಟ್ಟಿಯೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಿಲ್ಲದೆ ಹೊರಬಂದರೆ ಆ ಜಾಗದಲ್ಲಿ ರಬ್ಬರ್ ಕುಗ್ಗಿದೆ ಅಥವಾ ಬಾಗಿಲು ಜೋತಿದೆ. ಒಳಬದಿಗೆ ಪೌಡರ್ ಉದುರಿಸಿದರೆ ನೀರು ಹರಿದ ಗೆರೆಯೂ ಕಾಣುತ್ತದೆ.

ದುರಸ್ತಿ

ಕೊಳವೆಗಳನ್ನು ಮೃದುವಾದ ನೈಲಾನ್ ದಾರದಿಂದ ಬಿಡಿಸಬೇಕು. ಕಬ್ಬಿಣದ ತಂತಿ ಕೊಳವೆಯನ್ನು ತೂತುಮಾಡುತ್ತದೆ, ಹೆಚ್ಚು ಒತ್ತಡದ ಗಾಳಿ ಅದರ ಜೋಡಣೆಯನ್ನು ಕಳಚುತ್ತದೆ. ಹರಿದ ಪ್ಲಾಸ್ಟಿಕ್ ಹಾಳೆಯನ್ನು ಬದಲಿಸಿ ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಬೇಕು. ಗಟ್ಟಿಯಾದ ಅಥವಾ ಸೀಳಿದ ರಬ್ಬರನ್ನು ಬದಲಿಸುವುದೇ ಮಿತವ್ಯಯ. ಮುಂದಿನ ಗಾಜಿನ ಅಂಟು ಬಿಟ್ಟಿದ್ದರೆ ಹೊರಗಿನಿಂದ ಸಿಲಿಕೋನ್ ಬಳಿಯುವುದು ತಾತ್ಕಾಲಿಕ ಉಪಾಯ ಮಾತ್ರ. ವಿನೆಗರ್ ವಾಸನೆಯ ಸಿಲಿಕೋನ್ ತಗಡಿಗೆ ತುಕ್ಕನ್ನೂ ತರುತ್ತದೆ. ಗಾಜನ್ನು ತೆಗೆಸಿ, ತುಕ್ಕನ್ನು ಶುದ್ಧಿ ಮಾಡಿಸಿ, ಪಾಲಿಯುರೆಥೇನ್ ಅಂಟಿನಿಂದ ಮರುಕೂರಿಸುವುದೇ ಸರಿಯಾದ ಕ್ರಮ.

ಫೆಲ್ಟ್ ಒಣಗದೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸೀಟು ತೆಗೆಯಬೇಕಾದರೆ ಅದರ ಅಡಿಯಲ್ಲಿ ಏರ್‌ಬ್ಯಾಗ್‌ಗೆ ಸಂಬಂಧಿಸಿದ ವೈರ್ ಇರಬಹುದಾದ್ದರಿಂದ ಆ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೇ ಬಿಡುವುದು ಕ್ಷೇಮ.

ಲೆಕ್ಕ, ತೆರಿಗೆ ಮತ್ತು ವಿಮೆ

ವ್ಯವಹಾರಕ್ಕೆ ಬಳಸುವ ವಾಹನದ ಸಾಮಾನ್ಯ ದುರಸ್ತಿ ಆ ವರ್ಷದ ಖರ್ಚೇ ಆಗುತ್ತದೆ. ಸ್ವಂತ ಬಳಕೆಯೂ ಇದ್ದಲ್ಲಿ ಆ ಪಾಲನ್ನು ಬೇರ್ಪಡಿಸತಕ್ಕದ್ದು. ಜಿಎಸ್‌ಟಿಯಲ್ಲಿ ವ್ಯತ್ಯಾಸವಿದೆ. ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯ ವರ್ತಕನಿಗೆ ದೊರೆಯದು. ತೆರಿಗೆಗೊಳಪಟ್ಟ ವ್ಯಾಪಾರಕ್ಕೆ ಬಳಸುವ ಸರಕು ವಾಹನಕ್ಕೆ ದೊರೆಯುತ್ತದೆ. ಆದುದರಿಂದ ಕಾರು ಮತ್ತು ಪಿಕಪ್‌ನ ಕೆಲಸವನ್ನು ಒಂದೇ ಬಿಲ್ಲಿನಲ್ಲಿ ಬೆರೆಸದೆ, ವಾಹನದ ಸಂಖ್ಯೆ ನಮೂದಿಸಿದ ಪ್ರತ್ಯೇಕ ಬಿಲ್ಲುಗಳನ್ನು ಪಡೆಯಿರಿ.

ಸಮಗ್ರ ವಿಮೆ ಪ್ರವಾಹದಿಂದಾದ ಹಾನಿಯನ್ನು ಒಳಗೊಳ್ಳುತ್ತದೆ, ಸವೆತದಿಂದಾದುದನ್ನು ಒಳಗೊಳ್ಳುವುದಿಲ್ಲ. ಆಗಸ್ಟ್ 2018ರಂತಹ ಪ್ರಕೋಪದಲ್ಲಿ ಮುಳುಗಿದ ವಾಹನ ಬೇರೆ, ಹಳೆಯ ರಬ್ಬರಿನಿಂದ ಸೋರಿದ ವಾಹನ ಬೇರೆ. ಸೋರಿಕೆಯನ್ನು ಆಗಿಂದಾಗ್ಗೆ ಸರಿಪಡಿಸಿದ ಬಿಲ್ಲುಗಳು ಕಡತದಲ್ಲಿದ್ದರೆ, ಮುಂದೆ ಪ್ರವಾಹದ ಪರಿಹಾರ ಕೇಳುವಾಗ ಹಾನಿ ಹಳೆಯದೆಂಬ ಆಕ್ಷೇಪಣೆಗೆ ಅವೇ ಉತ್ತರವಾಗುತ್ತವೆ.

ಮಾರ್ಚ್-ಏಪ್ರಿಲ್‌ನ ಹೂಮಳೆ ಕಾಫಿ ಗಿಡಕ್ಕೆ ಹೇಗೋ ಹಾಗೆಯೇ ವಾಹನದ ಪರೀಕ್ಷೆಗೂ ಸಕಾಲ. ಆಗ ಒಣಗಿಸಲು ಬಿಸಿಲಿರುತ್ತದೆ, ವರ್ಕ್‌ಶಾಪಿನಲ್ಲಿ ಸರತಿಯೂ ಕಡಿಮೆ. ಹನಿಗೂಡಿ ಹಳ್ಳವಾಗುವ ಮುನ್ನ ಅರ್ಧ ದಿನವನ್ನು ಇದಕ್ಕೆ ಮೀಸಲಿಡುವುದು ವರ್ತಕ ಬಂಧುಗಳಿಗೆ ಲಾಭದಾಯಕ.