ಶಿರಸ್ತ್ರಾಣದ ಶಾಸ್ತ್ರ

ದ್ವಿಚಕ್ರ ವಾಹನವನ್ನೇರುವವರು ಶಿರಸ್ತ್ರಾಣವನ್ನು ಧರಿಸತಕ್ಕದ್ದೆಂಬ ಕಾನೂನು ನಮ್ಮ ದೇಶದಲ್ಲಿ ಹೊಸತಲ್ಲ. 1988ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಅದನ್ನು ವಿಧಿಸಿದೆ. 2019ರ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಹೀಗಿದ್ದರೂ 2022ನೆಯ ಒಂದೇ ವರ್ಷದಲ್ಲಿ ಶಿರಸ್ತ್ರಾಣವಿಲ್ಲದೆ ಸವಾರಿ ಮಾಡಿ ಪ್ರಾಣ ನೀಗಿದವರು 50,029 ಮಂದಿ ಎಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಮಂತ್ರಾಲಯವೇ ಪ್ರಕಟಿಸಿದೆ. ಸವಾರರು ಈ ವಿಧಿಯನ್ನು ಪೊಲೀಸರ ಕಾಟವೆಂದೆಣಿಸುತ್ತಾರೆ. ಪ್ರೌಢಶಾಲೆಯಲ್ಲಿ ಕಲಿತು ಮರೆತ ಪಾಠವೊಂದನ್ನು ನೆನಪಿಗೆ ತಂದುಕೊಂಡರೆ ಆ ಎಣಿಕೆಯು ನಿಲ್ಲಲಾರದೆಂದು ನಾವು ನಂಬಿದ್ದೇವೆ.

ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವ ಗುಣಲಬ್ಧಕ್ಕೆ ಸಂವೇಗವೆಂದು ಹೆಸರು. ಬಲವನ್ನು, ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಬರುವುದು ಆವೇಗ. ಸಂವೇಗದಲ್ಲಿ ಎಷ್ಟು ವ್ಯತ್ಯಾಸವಾಗಬೇಕೋ ಅಷ್ಟೇ ಆವೇಗವು ಬೇಕು. ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ಎರಡನೆಯ ಚಲನ ನಿಯಮದ ಸಾರವಿದು. ಸಾಲದ ಲೆಕ್ಕವೂ ಹೀಗೆಯೇ. ತೀರಿಸಬೇಕಾದ ಮೊತ್ತದಲ್ಲಿ ಕಾಸಿನ ರಿಯಾಯಿತಿಯಿಲ್ಲ; ಅವಧಿ ಬೆಳೆದಷ್ಟೂ ಕಂತು ಹಗುರವಾಗುತ್ತದೆ. ಅಟ್ಟದಿಂದ ಜಾರಿದ ಮಡಕೆಯು ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಚೂರಾಗುವುದೂ ಹುಲ್ಲಿನ ರಾಶಿಯ ಮೇಲೆ ಬಿದ್ದರೆ ಉಳಿಯುವುದೂ ಈ ಕಾರಣದಿಂದಲೇ. ಎರಡೆಡೆಯಲ್ಲಿಯೂ ಸಂವೇಗವೊಂದೇ, ಹುಲ್ಲು ಕೊಟ್ಟದ್ದು ಕಾಲಾವಕಾಶವನ್ನು.

ಈಗ ಮನುಷ್ಯನ ತಲೆಯ ಲೆಕ್ಕವನ್ನು ನೋಡೋಣ. ಅದರ ತೂಕ ಸುಮಾರು 5 ಕಿಲೋಗ್ರಾಮು. ಆರಡಿ ಎತ್ತರದಿಂದ ಬಿದ್ದರೆ ನೆಲಕ್ಕೆ ತಾಗುವಾಗ ಅದರ ವೇಗ ಸೆಕೆಂಡಿಗೆ 6 ಮೀಟರು. ಸಂವೇಗ 30 ಮಾನ. ಬರಿದಲೆಯು ರಸ್ತೆಗೆ ಬಡಿದು ಸೆಕೆಂಡಿನ ಸಾವಿರದಲ್ಲಿ 2 ಭಾಗದೊಳಗೆ ನಿಂತಿತೆನ್ನೋಣ. ಅದರ ಮೇಲೆ ಬೀಳುವ ಸರಾಸರಿ ಬಲ 15,000 ನ್ಯೂಟನ್, ಅಂದರೆ 15 ಕ್ವಿಂಟಲು ಭಾರದಷ್ಟು. ಶಿರಸ್ತ್ರಾಣದೊಳಗಿನ ಥರ್ಮೋಕೋಲ್ ಜಾತಿಯ ಪದರವು 3 ಸೆಂಟಿಮೀಟರು ಕುಗ್ಗಿ ಕೊಟ್ಟರೆ ನಿಲ್ಲುವ ಕಾಲ ಸಾವಿರದಲ್ಲಿ 10 ಭಾಗವಾಗುತ್ತದೆ. ಭಾರವು 3 ಕ್ವಿಂಟಲಿಗಿಳಿಯುತ್ತದೆ. ಕಣ್ಣೆವೆ ಇಕ್ಕುವುದಕ್ಕೂ ಸಾಲದ ಈ ಕಾಲವೇ ಜೀವಮರಣಗಳ ಅಂತರ.

ಇದರಿಂದ ಕೆಲವು ಮಾತುಗಳು ತಾವಾಗಿಯೇ ಸಿದ್ಧಿಸುತ್ತವೆ. ರಕ್ಷಿಸುವ ಕೆಲಸದಲ್ಲಿ ಹೊರಗಿನ ಚಿಪ್ಪಿನಷ್ಟೇ ಒಳಗಿನ ಪದರವೂ ಮುಖ್ಯ; ಪದರವಿಲ್ಲದ ಅರ್ಧ ಟೊಪ್ಪಿಗೆಯು ಕಾಲಾವಕಾಶವನ್ನು ಕೊಡಲಾರದು. ಒಮ್ಮೆ ಪೆಟ್ಟು ತಿಂದು ಕುಗ್ಗಿದ ಪದರವು ಮತ್ತೆ ಹಿಗ್ಗದು. ಅಂಥ ಶಿರಸ್ತ್ರಾಣವನ್ನು ಬದಲಾಯಿಸಲೇಬೇಕು. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ ಅದು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಇನ್ನು, ಶಿರಸ್ತ್ರಾಣವಿದೆಯೆಂದು ವೇಗಕ್ಕೆ ಮಿತಿ ಬೇಡವೆನ್ನುವವರಿಗೊಂದು ಮಾತು. ಬಡಿಯುವ ವೇಗವು ಇಮ್ಮಡಿಯಾದರೆ ಸಂವೇಗವೂ ಇಮ್ಮಡಿಯಾಗುತ್ತದೆ, ಅದೇ ದಪ್ಪದ ಪದರದಲ್ಲಿ ನಿಲ್ಲಲು ಸಿಗುವ ಕಾಲವು ಅರ್ಧವಾಗುತ್ತದೆ, ಬಲವು ನಾಲ್ಮಡಿಯಾಗುತ್ತದೆ.

ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಐ.ಎಸ್.ಐ. ಗುರುತಿಲ್ಲದ ಶಿರಸ್ತ್ರಾಣಗಳನ್ನು ಮಾರಕೂಡದೆಂಬ ಆಜ್ಞೆಯು 2021ನೆಯ ಜೂನ್ 1ರಿಂದ ಜಾರಿಯಲ್ಲಿದೆ. ಅದನ್ನು ಅಂಗಡಿಯಲ್ಲಿ ನಡೆಯಿಸದೆ ಬೀದಿಯಲ್ಲಿ ಸವಾರನನ್ನು ಮಾತ್ರ ತಡೆದರೆ ಕಾನೂನಿನ ಉದ್ದೇಶವು ಅರ್ಧವೂ ಸಾಧಿಸದು. ತಲೆಯ ಮೇಲೆ ಏನೋ ಒಂದಿದೆಯೆಂದು ಬಿಟ್ಟುಬಿಡುವುದೂ ತರವಲ್ಲ; ಪಟ್ಟಿಯನ್ನೂ ಪದರವನ್ನೂ ನೋಡಬೇಕು. ಉಪಾಧ್ಯಾಯರು ಸಂವೇಗದ ಪಾಠದ ದಿನ ಶಿರಸ್ತ್ರಾಣವೊಂದನ್ನು ಮೇಜಿನ ಮೇಲಿಟ್ಟು ಮೇಲಿನ ಲೆಕ್ಕವನ್ನು ಮಾಡಿಸಲಿ. ಆ ಲೆಕ್ಕ ಕಲಿತ ಮಗುವು ಸಂಜೆ ತಂದೆಯ ಹಿಂದೆ ಬರಿದಲೆಯಲ್ಲಿ ಕುಳಿತು ಮನೆಗೆ ಹೋಗುವಂತಾದರೆ ತಪ್ಪು ಮಗುವಿನದಲ್ಲ. ಸಂವೇಗವಾದರೋ ಯಾರ ತಪ್ಪೆಂದು ವಿಚಾರಿಸುವುದಿಲ್ಲ.