ಹೋಟೆಲ್ ರೂಮು: ಆ್ಯಪ್‌ನಲ್ಲಿ ದುಬಾರಿ, ಫೋನ್ ಮಾಡಿದರೆ ಅಗ್ಗ ಅನ್ನುವುದು ಎಷ್ಟು ನಿಜ?

ರಜೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತದೆ: ಆ್ಯಪ್‌ನಲ್ಲಿ ರೂಮು ಬುಕ್ ಮಾಡಬೇಡಿ, ಅವರು ಕಮಿಷನ್ ತಿನ್ನುತ್ತಾರೆ, ಗೂಗಲ್‌ನಲ್ಲಿ ನಂಬರ್ ಹುಡುಕಿ ನೇರವಾಗಿ ಹೋಟೆಲ್‌ಗೇ ಫೋನ್ ಮಾಡಿ. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ನೋಡಲು ತರೀಕೆರೆಯಲ್ಲಿ ಇಳಿಯುವವರು, ಕಡೂರಿನ ಮದುವೆಗೆ ಬರುವವರು, ಅಂತರಘಟ್ಟೆ ಜಾತ್ರೆಗೆ ಅಜ್ಜಂಪುರದ ಕಡೆ ಹೊರಡುವವರು ಇದನ್ನೇ ನಂಬಿ ಫೋನ್ ಎತ್ತಿಕೊಳ್ಳುತ್ತಾರೆ. ಈ ಸಲಹೆಯಲ್ಲಿ ಕಮಿಷನ್ ಬಗ್ಗೆ ಹೇಳಿದ್ದು ನಿಜ. 'ಗೂಗಲ್‌ನಲ್ಲಿ ನಂಬರ್ ಹುಡುಕಿ' ಅನ್ನುವುದೇ ಅಪಾಯದ ಮಾತು.

ಮೊದಲು ಕಮಿಷನ್ ವಿಷಯ ನೋಡೋಣ. ಬುಕಿಂಗ್ ಆ್ಯಪ್‌ಗಳು ಹೋಟೆಲ್‌ನಿಂದ ಸಾಮಾನ್ಯವಾಗಿ ನೂರಕ್ಕೆ 15 ರೂಪಾಯಿಯೋ ಅದಕ್ಕಿಂತ ಹೆಚ್ಚೋ ಪಡೆಯುತ್ತವೆ. 20 ರೂಪಾಯಿ ಎಂದೇ ಹಿಡಿಯಿರಿ. ನೀವು ಆ್ಯಪ್‌ನಲ್ಲಿ ರೂಮಿಗೆ 2,000 ಕೊಟ್ಟರೆ ಮಾಲೀಕರ ಕೈಗೆ ಸಿಗುವುದು 1,600. ಅದೇ ರೂಮನ್ನು ಅವರು ನಿಮಗೆ ನೇರವಾಗಿ 1,800ಕ್ಕೆ ಕೊಟ್ಟರೆ ನಿಮಗೆ 200 ಉಳಿಯಿತು, ಅವರಿಗೂ 200 ಹೆಚ್ಚು ಸಿಕ್ಕಿತು. ಫೋನಿನಲ್ಲಿ ಚೌಕಾಸಿ ಗಿಟ್ಟುವುದು ಈ ಕಾರಣಕ್ಕೆ.

ಹಾಗಾದರೆ ಎಲ್ಲರೂ ನೇರವಾಗಿ ಕಡಿಮೆಗೇ ಕೊಡಬೇಕಿತ್ತಲ್ಲವೇ? ಅದಕ್ಕೆ ಅಡ್ಡ ಬಂದದ್ದು ಒಪ್ಪಂದದ ಷರತ್ತುಗಳು. ಆ್ಯಪ್‌ನಲ್ಲಿ ತೋರಿಸಿದ ದರಕ್ಕಿಂತ ಕಡಿಮೆಗೆ ಬೇರೆ ಜಾಲತಾಣದಲ್ಲಾಗಲಿ, ಸ್ವಂತ ಜಾಲತಾಣದಲ್ಲಾಗಲಿ ಮಾರಕೂಡದು ಎಂದು ಹೋಟೆಲ್‌ಗಳನ್ನು ಕಟ್ಟಿಹಾಕುವ ಷರತ್ತು ಇದು. ಇಂತಹ ಷರತ್ತುಗಳೂ ಸೇರಿದಂತೆ ಹೋಟೆಲ್‌ಗಳ ದೂರನ್ನು ವಿಚಾರಣೆ ಮಾಡಿದ ಭಾರತೀಯ ಸ್ಪರ್ಧಾ ಆಯೋಗ, 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ದರದ ಷರತ್ತನ್ನು ಕೈಬಿಡುವಂತೆ ಮೇಕ್‌ಮೈಟ್ರಿಪ್-ಗೋಐಬಿಬೊಗೆ ಸೂಚಿಸಿತು. ಕಂಪನಿಗಳು ಮೇಲ್ಮನವಿ ಹೋದವು. ಫೋನಿನಲ್ಲೋ ರಿಸೆಪ್ಷನ್‌ನಲ್ಲೋ ಹೇಳುವ ದರ ಮಾತ್ರ ಯಾವ ಜಾಲತಾಣದಲ್ಲೂ ಕಾಣುವಂಥದ್ದಲ್ಲ.

ಸಣ್ಣ ಊರಿನ ಲಾಡ್ಜ್‌ಗಳ ವಿಷಯದಲ್ಲಿ ಇನ್ನೊಂದು ವ್ಯತ್ಯಾಸವಿದೆ, ಇದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದಕ್ಕೂ ಮೊದಲು ಶೇ 12 ಇತ್ತು. ಆದರೆ ವರ್ಷದ ವಹಿವಾಟು 20 ಲಕ್ಷ ದಾಟದ ಲಾಡ್ಜ್ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ಹತ್ತು ರೂಮಿನ ಲಾಡ್ಜ್, ರೂಮಿಗೆ 800, ವರ್ಷಪೂರ್ತಿ ಅರ್ಧ ರೂಮು ತುಂಬುತ್ತವೆ ಎಂದುಕೊಂಡರೆ ವಹಿವಾಟು 14.6 ಲಕ್ಷ. ಅಲ್ಲಿಗೆ ನೇರವಾಗಿ ಹೋದರೆ ಬಿಲ್ಲಿನಲ್ಲಿ ಜಿಎಸ್‌ಟಿ ಇಲ್ಲ. ಅದೇ ರೂಮನ್ನು ಆ್ಯಪ್‌ ಮೂಲಕ ಹಿಡಿದರೆ ತೆರಿಗೆ ಕಟ್ಟುವ ಹೊಣೆ ಕಾನೂನಿನ ಪ್ರಕಾರ ಆ್ಯಪ್‌ನದ್ದು, ಅದು ಬಂದು ಬೀಳುವುದು ನಿಮ್ಮ ಬಿಲ್ಲಿಗೆ. ನೋಂದಣಿಯೇ ಇಲ್ಲದ ಲಾಡ್ಜ್ 'ಜಿಎಸ್‌ಟಿ' ಎಂದು ಬರೆದು ದುಡ್ಡು ಕೇಳಿದರೆ, ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟಾದರೂ ಆ್ಯಪ್ ಯಾವಾಗಲೂ ದುಬಾರಿ ಅಂತಲ್ಲ. ಗಿರಾಕಿಯನ್ನು ಸೆಳೆಯಲು ಅವು ತಮ್ಮ ಕಮಿಷನ್‌ನಲ್ಲೇ ಒಂದಷ್ಟು ಬಿಟ್ಟುಕೊಟ್ಟು ಕೂಪನ್ ಕೊಡುತ್ತವೆ, ಬ್ಯಾಂಕ್ ಕಾರ್ಡಿನ ಆಫರ್ ಸೇರಿಸುತ್ತವೆ. ಆಗ ಕೌಂಟರ್‌ಗಿಂತ ಅಲ್ಲೇ ಅಗ್ಗವಾಗಬಹುದು. ಹೋಲಿಸುವಾಗ ಮೊದಲ ಪುಟದ ದಪ್ಪಕ್ಷರದ ದರ ನೋಡಬೇಡಿ. ತೆರಿಗೆ, ಶುಲ್ಕ ಎಲ್ಲ ಸೇರಿ ಕೊನೆಗೆ ಬರುವ ಮೊತ್ತ ನೋಡಿ. ಶುಲ್ಕಗಳನ್ನು ಕೊನೆಯವರೆಗೆ ಮುಚ್ಚಿಡುವುದು, 'ಒಂದೇ ರೂಮು ಉಳಿದಿದೆ' ಎಂದು ಸುಳ್ಳು ಗಡಿಬಿಡಿ ಎಬ್ಬಿಸುವುದು ಎರಡನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಒಂದೇ ರೂಮು ಅನ್ನುವುದು ಸುಳ್ಳೇ ಆಗಿರಬೇಕಿಲ್ಲ: ಲಾಡ್ಜ್ ಆ ಆ್ಯಪ್‌ಗೆ ಬಿಟ್ಟುಕೊಟ್ಟದ್ದೇ ಎರಡು ರೂಮು ಇರಬಹುದು, ಉಳಿದವು ಕೌಂಟರ್‌ನಲ್ಲಿ ಖಾಲಿ ಇರಬಹುದು.

ಬೀರೂರು, ಕಡೂರಿಗೆ ರಾತ್ರಿ ರೈಲಿನಲ್ಲಿ ಬರುವವರಿಗೆ ದರಕ್ಕಿಂತ ದೊಡ್ಡ ಪ್ರಶ್ನೆ ಹೊತ್ತಿನದು. ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಚೆಕ್‌ಇನ್ ಮಧ್ಯಾಹ್ನ 12ಕ್ಕೋ ಅದರ ನಂತರವೋ. ಬೆಳಗಿನ ಜಾವ ನಾಲ್ಕಕ್ಕೆ ಇಳಿದರೆ ದುಡ್ಡು ಕೊಟ್ಟ ರೂಮು ಸಿಗಲು ಎಂಟು ಗಂಟೆ ಕಾಯಬೇಕು, ಇಲ್ಲವೇ ಹೆಚ್ಚುವರಿ ಕೊಡಬೇಕು. ಸಣ್ಣ ಊರಿನ ಎಷ್ಟೋ ಲಾಡ್ಜ್‌ಗಳಲ್ಲಿ 24 ಗಂಟೆಯ ಲೆಕ್ಕ: ನಾಲ್ಕಕ್ಕೆ ಹೊಕ್ಕರೆ ಮರುದಿನ ನಾಲ್ಕರವರೆಗೆ ರೂಮು ನಿಮ್ಮದು. ಇದನ್ನು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಬೇಕು. ಆ್ಯಪ್‌ನಲ್ಲಿ ಊರಿನ ಹೆಸರು ಹಾಕಿದಾಗ ಬರುವ ಪಟ್ಟಿಯಲ್ಲಿ ದೂರವನ್ನೂ ನೋಡಿ. 'ಕಡೂರು ಹತ್ತಿರ' ಎಂದು ತೋರಿಸಿದ್ದು 40 ಕಿಲೋಮೀಟರ್ ಆಚೆಯ ಚಿಕ್ಕಮಗಳೂರಿನದ್ದಾಗಿರಬಹುದು.

ಇನ್ನು ಅಪಾಯದ ವಿಷಯ. ಗೂಗಲ್ ಮ್ಯಾಪ್‌ನಲ್ಲಿ ಯಾವುದೇ ಅಂಗಡಿ, ಲಾಡ್ಜ್‌ನ ಫೋನ್ ನಂಬರ್ ಬದಲಿಸುವಂತೆ ಯಾರು ಬೇಕಾದರೂ ಸೂಚಿಸಬಹುದು. ಹೋಟೆಲ್ ಹೆಸರಿನಲ್ಲೇ ನಕಲಿ ಜಾಲತಾಣ ಮಾಡಿ, ದುಡ್ಡು ಕೊಟ್ಟು ಜಾಹೀರಾತಿನ ಮೂಲಕ ಹುಡುಕಾಟದ ಮೊದಲ ಸಾಲಿಗೆ ತರಬಹುದು. ಆ ನಂಬರ್‌ಗೆ ಮಾಡಿದರೆ ಮಾತಾಡುವವರು ಚೆನ್ನಾಗಿಯೇ ಮಾತಾಡುತ್ತಾರೆ, ರೂಮಿನ ಫೋಟೊ ಕಳಿಸುತ್ತಾರೆ, ಪೂರ್ತಿ ಅಡ್ವಾನ್ಸ್ ಹಾಕಿಸಿಕೊಳ್ಳುತ್ತಾರೆ. ಕುಟುಂಬ ಸಮೇತ ಹೋಗಿ ಇಳಿದಾಗಲೇ ಗೊತ್ತಾಗುವುದು, ನಿಮ್ಮ ಹೆಸರು ಆ ರಿಜಿಸ್ಟರ್‌ನಲ್ಲೇ ಇಲ್ಲ ಎಂದು. ಯಾತ್ರಿಕರನ್ನೂ ಪ್ರವಾಸಿಗರನ್ನೂ ಗುರಿಮಾಡಿದ ಇಂತಹ ವಂಚನೆಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತ್ತು.

ಹಾಗಾಗಿ ನಮ್ಮ ಸಲಹೆ ಇದು: ನಂಬರನ್ನು ಒಂದಕ್ಕಿಂತ ಹೆಚ್ಚು ಕಡೆ ತಾಳೆ ನೋಡಿ. ಮ್ಯಾಪ್‌ನಲ್ಲಿ ಜನ ಹಾಕಿದ ಫೋಟೊಗಳಲ್ಲಿ ಲಾಡ್ಜ್‌ನ ಬೋರ್ಡು ಕಾಣುತ್ತದೆ, ಅದರ ಮೇಲೆ ನಂಬರ್ ಇದ್ದರೆ ಹೆಚ್ಚು ನಂಬಬಹುದು. ಆ ಊರಿನಲ್ಲಿ ನೆಂಟರಿದ್ದರೆ, ಮದುವೆ ಮನೆಯವರಿದ್ದರೆ ಅವರನ್ನೇ ಕೇಳಿ. ಲಕ್ಕವಳ್ಳಿಯ ರಿವರ್ ಟರ್ನ್ ಲಾಡ್ಜ್ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯದು, ಕೆಮ್ಮಣ್ಣುಗುಂಡಿಯ ಗಿರಿಧಾಮ ತೋಟಗಾರಿಕೆ ಇಲಾಖೆಯದು. ಇಂಥವಕ್ಕೆ ಸಂಸ್ಥೆಯನ್ನೇ, ಇಲಾಖೆಯನ್ನೇ ಸಂಪರ್ಕಿಸಿ, ನಡುವೆ ಬರುವ 'ಏಜೆಂಟ್' ಬೇಡ. ಫೋನಿನಲ್ಲಿ ಒಪ್ಪಿದ ತಾರೀಕು, ದರ, ಚೆಕ್‌ಔಟ್ ಹೊತ್ತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅಡ್ವಾನ್ಸ್ ಕೇಳಿದರೆ ಕಡಿಮೆ ಮೊತ್ತ ಕೊಟ್ಟು ಉಳಿದದ್ದನ್ನು ಕೌಂಟರ್‌ನಲ್ಲಿ ಕೊಡುವುದಾಗಿ ಹೇಳಿ. ಪೂರ್ತಿ ಹಣಕ್ಕೆ ಹಟ ಹಿಡಿದರೆ ಆ ಕರೆ ಅಲ್ಲಿಗೇ ಬಿಡಿ. 'ರೀಫಂಡ್ ಕಳಿಸುತ್ತೇವೆ, ಪಿನ್ ಒತ್ತಿ' ಅಂದರೆ ಖಂಡಿತ ಮೋಸ, ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ.

ಜಾತ್ರೆ, ಸಾಲು ರಜೆಯ ದಿನಗಳಿಗೆ, ಪರಿಚಯದವರೂ ಇಲ್ಲದ ಊರಿಗೆ ಹೊರಡುವಾಗ ಸ್ವಲ್ಪ ಹೆಚ್ಚಾದರೂ ಉಚಿತವಾಗಿ ರದ್ದು ಮಾಡಬಹುದಾದ ಆ್ಯಪ್ ಬುಕಿಂಗೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ತಕರಾರಾದರೆ ಕೈಯಲ್ಲಿ ದಾಖಲೆ ಇರುತ್ತದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ನಕಲಿ ನಂಬರ್‌ಗೆ ದುಡ್ಡು ಹೋಗಿಬಿಟ್ಟಿದ್ದರೆ ಕರೆ ಮಾಡಬೇಕಾದದ್ದು 1930ಕ್ಕೆ, ಅದೂ ಕೂಡಲೇ: ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ದೂರು ತಲುಪಿದರೆ ಬ್ಯಾಂಕ್ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.