ದಾಳಿಂಬೆ ತೋಟದಲ್ಲಿ ಸ್ಟ್ರೆಪ್ಟೊಮೈಸಿನ್

ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿಯ ಚಿಂತೆ ಹತ್ತಿಕೊಳ್ಳುತ್ತದೆ. ಮೊದಲು ಎಲೆಯ ಮೇಲೆ ಎಣ್ಣೆ ಸಿಡಿದಂಥ ಸಣ್ಣ ಚುಕ್ಕೆ. ಅದು ಕಾಯಿಗೆ ದಾಟಿದರೆ ಕಪ್ಪು ಕಲೆ, ಕಲೆಯ ನಡುವೆ ಸೀಳು. ಅಂಥ ಕಾಯನ್ನು ಕೊಳ್ಳುವವರಿಲ್ಲ. ಇದಕ್ಕೆ ಕಾರಣ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಗಂಗಾವತಿಯ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಎಲೆಯನ್ನು ತುದಿಯಿಂದ ಒಣಗಿಸುತ್ತ ಬರುವುದೂ ಇದೇ ಕುಲದ ಇನ್ನೊಂದು. ಎರಡಕ್ಕೂ ಬಹುಕಾಲ ಕೇಳಿಬಂದ ಮದ್ದು, ತಾಮ್ರದ ಆಕ್ಸಿಕ್ಲೋರೈಡ್ ಜೊತೆ ಬೆರೆಸುವ ಸ್ಟ್ರೆಪ್ಟೊಸೈಕ್ಲಿನ್ ಪುಡಿ. ಅದರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಮನುಷ್ಯರಿಗೇ ಕೊಡುವ ಔಷಧವಲ್ಲವೇ, ಸಿಂಪಡಿಸಿದರೆ ಯಾರಿಗೇನು ಕೇಡು ಎಂಬ ಧೈರ್ಯ ಇದರ ಜೊತೆಗೇ ಬರುತ್ತದೆ. ಆ ಧೈರ್ಯಕ್ಕೆ ಆಧಾರವಿದೆ, ಆದರೆ ಅದು ತೀರಾ ತೆಳುವಾದದ್ದು.

ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್ ಕೈಗೆ. ಅದೂ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ. ಕ್ಷಯಕ್ಕೆ ನಾಟಿದ ಮೊದಲ ಆ್ಯಂಟಿಬಯೋಟಿಕ್ ಅದು. ಯಾವ ಜೀವಕೋಶವೇ ಆಗಲಿ, ಪ್ರೋಟೀನು ತಯಾರಾಗುವುದು ರೈಬೋಸೋಮಿನಲ್ಲಿ. ಬ್ಯಾಕ್ಟೀರಿಯಾದ ರೈಬೋಸೋಮು 30ಎಸ್, 50ಎಸ್ ಎಂಬ ಎರಡು ತುಂಡುಗಳಿಂದಾದದ್ದು. ನಮ್ಮದು ಅದಕ್ಕಿಂತ ದೊಡ್ಡದು, 40ಎಸ್ ಮತ್ತು 60ಎಸ್. ಸ್ಟ್ರೆಪ್ಟೊಮೈಸಿನ್ ಹೋಗಿ ಕೂರುವುದು 30ಎಸ್ ತುಂಡಿನಲ್ಲಿ, ಜೀನಿನ ಸಂದೇಶವನ್ನು ಓದಿ ಸರಿಯಾದ ಅಮೈನೋ ಆಮ್ಲವನ್ನು ಆರಿಸುವ ಜಾಗದ ಪಕ್ಕದಲ್ಲೇ. ವಿಜ್ಞಾನಿ ವೆಂಕಿ ರಾಮಕೃಷ್ಣನ್ ಅವರ ತಂಡ 2000ದಲ್ಲಿ ಆ ಜಾಗದ ರಚನೆಯನ್ನು ಪರಮಾಣು ಪರಮಾಣುವಾಗಿ ಬಿಡಿಸಿ ತೋರಿಸಿತು. ಮದ್ದು ಕೂತ ಮೇಲೆ ಓದು ತಪ್ಪುತ್ತದೆ, ಬೇಡದ ಅಮೈನೋ ಆಮ್ಲಗಳು ಸೇರಿಕೊಳ್ಳುತ್ತವೆ. ಹೀಗೆ ಹುಟ್ಟಿದ ವಿಕಾರ ಪ್ರೋಟೀನುಗಳು ಕೋಶದ ಪೊರೆಯಲ್ಲಿ ಸಿಕ್ಕಿಕೊಂಡು ಪೊರೆ ಸೋರತೊಡಗುತ್ತದೆ. ಸೋರಿದ ಕಡೆಯಿಂದ ಇನ್ನಷ್ಟು ಮದ್ದು ಒಳನುಗ್ಗುತ್ತದೆ. ಟೆಟ್ರಾಸೈಕ್ಲಿನ್ ಕೂರುವುದೂ 30ಎಸ್‌ನಲ್ಲೇ, ಆದರೆ ಅದು ಅಮೈನೋ ಆಮ್ಲ ಹೊತ್ತು ಬರುವ ಅಣುವಿಗೆ ದಾರಿ ಬಿಡುವುದಿಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಒಮ್ಮೆಲೇ ಸಾಯದಿದ್ದರೂ ಬೆಳೆಯುವುದು ನಿಲ್ಲುತ್ತದೆ.

ನಮ್ಮ 40ಎಸ್‌ನಲ್ಲಿ ಆ ಜಾಗದ ಆಕಾರವೇ ಬೇರೆ, ಮದ್ದು ಅಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ನಾವು ಉಳಿಯುವುದು ಅದರಿಂದ. ಆದರೆ ನಮ್ಮ ಕೋಶಗಳೊಳಗಿನ ಮೈಟೊಕಾಂಡ್ರಿಯಾಗಳು ಬಹುಪ್ರಾಚೀನ ಬ್ಯಾಕ್ಟೀರಿಯಾದ ಸಂತತಿ. ಅವುಗಳ ರೈಬೋಸೋಮು ಇಂದಿಗೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಪಡೆದ ಕೆಲವರ ಕಿವಿ ಮಂದವಾದದ್ದು, ದೇಹದ ಸಮತೋಲ ತಪ್ಪಿದ್ದು ವೈದ್ಯರಿಗೆ ಹಳೆಯ ವಿಷಯ. ಮೈಟೊಕಾಂಡ್ರಿಯಾದ ಜೀನಿನಲ್ಲಿ 1555ನೇ ಅಕ್ಷರವೊಂದು ಬದಲಾಗಿದ್ದರೆ ಆ ರೈಬೋಸೋಮು ಬ್ಯಾಕ್ಟೀರಿಯಾದ್ದಕ್ಕೆ ಇನ್ನೂ ಹತ್ತಿರವಾಗುತ್ತದೆ. ತಾಯಿಯ ಕಡೆಯಿಂದ ಈ ಬದಲಾವಣೆ ಪಡೆದವರಿಗೆ ಸ್ಟ್ರೆಪ್ಟೊಮೈಸಿನ್ ಗುಂಪಿನ ಔಷಧಗಳು ಅಲ್ಪ ಪ್ರಮಾಣದಲ್ಲೂ ಕಿವುಡು ತರಬಲ್ಲವು. ದಾಳಿಂಬೆ ಗಿಡದ ಸ್ಥಿತಿ ಇದಕ್ಕಿಂತ ನಾಜೂಕು. ಅದರ ಎಲೆಯ ಹಸಿರು ಇರುವ ಕ್ಲೋರೊಪ್ಲಾಸ್ಟ್ ಕೂಡ ಬ್ಯಾಕ್ಟೀರಿಯಾದ ವಂಶದ್ದೇ. ಸ್ಟ್ರೆಪ್ಟೊಮೈಸಿನ್ ಹೆಚ್ಚಾದರೆ ಎಲೆ ಬಿಳಿಚುವುದಕ್ಕೆ ಕಾರಣ ಇಲ್ಲಿದೆ. ಆಳೆತ್ತರದ ಮನುಷ್ಯನಿಗೆ ತಾಳಿದ ಮೇಲೆ ಗಿಡಕ್ಕೂ ತಾಳುತ್ತದೆಂದು ಹೊರಡುವ ಲೆಕ್ಕ ಬುಡದಲ್ಲೇ ತಪ್ಪು.

ಆಕಾರದ ಮೇಲೆ ನಿಂತ ಆಯುಧಕ್ಕೆ ಇನ್ನೊಂದು ಬಲಹೀನತೆ ಇದೆ: ಶತ್ರು ಆಕಾರವನ್ನು ಚೂರು ಬದಲಿಸಿಕೊಂಡರೆ ಸಾಕು. 30ಎಸ್‌ನಲ್ಲಿರುವ ಎಸ್12 ಎಂಬ ಪ್ರೋಟೀನಿನ 43ನೇ ಕೊಂಡಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನಿನ್ ಬಂದರೆ ಕ್ಷಯದ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗುವುದಿಲ್ಲ. ಭತ್ತದ ಅಂಗಮಾರಿಯ ಬ್ಯಾಕ್ಟೀರಿಯಾದಲ್ಲೂ ಇದೇ ಕೊಂಡಿಯ ಬದಲಾವಣೆ ಚೀನಾದ ವಿಜ್ಞಾನಿಗಳಿಗೆ ಕಂಡಿದೆ. ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಈ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕಿ ಅರ್ಧ ಶತಮಾನ ದಾಟಿದೆ. ಅದು 1971ರ ಮಾತು.

ತೋಟದ ರೋಗಾಣುವಿಗೂ ಆಸ್ಪತ್ರೆಯ ರೋಗಾಣುವಿಗೂ ಏನು ಸಂಬಂಧ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಷಯದ ಬ್ಯಾಕ್ಟೀರಿಯಾ ದಾಳಿಂಬೆ ಬುಡದಲ್ಲಿ ಬೆಳೆಯುವುದಿಲ್ಲ, ತೋಟಕ್ಕೆ ಹೋಗುವ ಮದ್ದೂ ಆಸ್ಪತ್ರೆ ಮತ್ತು ಪಶುಪಾಲನೆಗೆ ಹೋಗುವುದರ ಮುಂದೆ ಅಲ್ಪವೇ. ಆದರೆ ಸ್ಟ್ರೆಪ್ಟೊಮೈಸಿನ್‌ಗೆ ಫಾಸ್ಫೇಟ್ ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುವ ಜೀನುಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಜಾತಿಯ ಗಡಿಯನ್ನೂ ದಾಟಿ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳಲ್ಲಿ ಸಾಗುತ್ತವೆ. ಗಿಡದ ರೋಗಾಣುಗಳಲ್ಲೂ ಮನುಷ್ಯನ ರೋಗಾಣುಗಳಲ್ಲೂ ಒಂದೇ ಜೀನುಗಳು ಸಿಕ್ಕಿವೆ. ಎಷ್ಟೋ ಪ್ಲಾಸ್ಮಿಡ್‌ಗಳಲ್ಲಿ ಬೇರೆ ಔಷಧಗಳನ್ನು ಸೋಲಿಸುವ ಜೀನುಗಳೂ ಜೊತೆಗಿರುತ್ತವೆ. ಮಣ್ಣಿಗೆ ಬಿದ್ದ, ಕೊಲ್ಲಲು ಸಾಲದಷ್ಟು ತೆಳುವಾದ ಮದ್ದು ಇಂಥವನ್ನೇ ಆರಿಸಿ ಉಳಿಸುತ್ತದೆ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡರ ಕೃಷಿ ಬಳಕೆಯನ್ನೂ 2024ರಿಂದ ಪೂರ್ತಿ ನಿಲ್ಲಿಸುವ ಕರಡು ಆದೇಶ ಹೊರಡಿಸಿದ್ದು ಈ ಹಿನ್ನೆಲೆಯಲ್ಲೇ.

ಹಾಗಾದರೆ ಬೆಳೆ ಉಳಿಸಿಕೊಳ್ಳುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸಾಲ ಮಾಡಿ ಹನಿ ನೀರಾವರಿ ಹಾಕಿಸಿದವರಿಗೆ ಪ್ಲಾಸ್ಮಿಡ್ ದೂರದ ಮಾತು. ಆದರೆ ಸಿಂಪಡಿಸಿದ ಸ್ಟ್ರೆಪ್ಟೊಮೈಸಿನ್ ಹೆಚ್ಚಾಗಿ ಉಳಿಯುವುದು ಎಲೆಯ ಮೇಲ್ಮೈಯಲ್ಲಿ. ಪತ್ರರಂಧ್ರದಿಂದಲೋ ಗಾಯದಿಂದಲೋ ಒಳಸೇರಿದ ರೋಗಾಣುವನ್ನು ಅದು ಮುಟ್ಟುವುದು ಕಷ್ಟ; ಸೀಳಿದ ಕಾಯನ್ನಂತೂ ಯಾವ ಮದ್ದೂ ಕೂಡಿಸದು. ರೋಗ ಹಬ್ಬುವುದು ಮಳೆಹನಿಯ ಸಿಡಿತದಿಂದ, ಸೋಂಕಿನ ಸಸಿಗಳಿಂದ, ಗಿಡದಿಂದ ಗಿಡಕ್ಕೆ ತೊಳೆಯದೆ ಒಯ್ಯುವ ಕತ್ತರಿಯಿಂದ. ಆದ್ದರಿಂದ ಮಳೆಗಾಲದ ಫಸಲನ್ನು ಬಿಟ್ಟು ಮಳೆ ಇಳಿಯುವ ಹೊತ್ತಿನ ಹಸ್ತ ಬಹಾರಕ್ಕೆ ಹೂ ಬಿಡಿಸುವುದು, ರೋಗದ ರೆಂಬೆ ಕತ್ತರಿಸಿ ಉದುರಿದ ಎಲೆ ಕಾಯಿಗಳ ಜೊತೆ ಸುಡುವುದು, ಪ್ರತಿ ಗಿಡಕ್ಕೂ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದುವುದು ರೋಗಾಣು ಗಿಡದೊಳಗೆ ಹೋಗುವ ಮುಂಚೆಯೇ ಅದನ್ನು ತಡೆಯುತ್ತವೆ. ಕೂಲಿಯ ಖರ್ಚು ಪುಡಿಯ ಪೊಟ್ಟಣಕ್ಕಿಂತ ಹೆಚ್ಚು ಬೀಳುತ್ತದೆ, ನಿಜ. ಆದರೆ 43ನೇ ಕೊಂಡಿ ಬದಲಾದ ಬ್ಯಾಕ್ಟೀರಿಯಾವೂ ಬೆಂಕಿಯಲ್ಲಿ ಬೇರೆಯವಕ್ಕಿಂತ ತಡವಾಗಿಯೇನೂ ಸಾಯುವುದಿಲ್ಲ.